ಲಾಯ್ಡನ ತಿಂಡಿಗೆ ಒಂದು ಜಾಗ

ಕ್ವೆಂಕಾ, ಎಕ್ವಡಾರ್
ಜೂನ್ ೯, ಸೋಮವಾರ ಬೆಳಿಗ್ಗೆ

ಪ್ರೀತಿಯ ಲಾಯ್ಡ್,

ಮಂಡಿ ಹೇಗಿದೆ? ಮೆಟ್ಟಿಲು ಹತ್ತುವಾಗ ಇನ್ನೂ ಕಟಕಟ ಅನ್ನುತ್ತದೆಯೋ, ಇಲ್ಲ ಡಾಕ್ಟರು ಹೇಳಿದ ಹಾಗೆ ಹೊಸ ಮಂಡಿ ನಿನ್ನ ಮಾತು ಕೇಳಲು ಶುರುಮಾಡಿತೋ? ವ್ಯಾಯಾಮ ಹೇಳಿಕೊಡುವ ಹುಡುಗಿಯ ಹತ್ತಿರ ಜಗಳ ತೆಗೆಯಬೇಡ, ಅವಳು ಎತ್ತು ಅಂದಷ್ಟು ಸಲ ಕಾಲು ಎತ್ತು. ಬಿ.ಪಿ. ಮಾತ್ರೆ ಊಟಕ್ಕೆ ಮೊದಲು, ಆಮೇಲಲ್ಲ. ಡೆನೀಸ್ ಮನೆಯಲ್ಲಿ ಅಳಿಯನ ಕುರ್ಚಿ ಹಿಡಿದು ದಿನವೆಲ್ಲ ಟಿ.ವಿ. ಚಾನೆಲ್ ಬದಲಾಯಿಸುತ್ತಿರುತ್ತೀಯಂತೆ. ಮಗಳು ಏನೂ ಅನ್ನುವುದಿಲ್ಲ, ಅಳಿಯ ಎಂದಾದರೂ ಅಂದಾನು. ನಾನು ಚೆನ್ನಾಗಿದ್ದೇನೆ. ಕಣ್ಣುಗಳ ಮಂಜು ಇದ್ದ ಹಾಗೇ ಇದೆ, ಹೆಚ್ಚಾಗಿಲ್ಲ. ಅಕ್ಷರ ಇಷ್ಟು ದಪ್ಪವಾಗಿರುವುದು ಅದಕ್ಕೇ ಹೊರತು ಕೋಪಕ್ಕಲ್ಲ.

ಫೋನು ಇರುವಾಗ ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನೀನು ಓಹಾಯೋದ ಆ ಡೇಟನ್ನಿನ ಚಳಿ-ಸೆಖೆಯ ವಿಷಯ ಹೇಳುತ್ತೀಯ, ನಾನು ಇಲ್ಲಿಯದು ಹೇಳುತ್ತೇನೆ, ಅಷ್ಟರಲ್ಲಿ "ಸರಿ ಹಾಗಾದ್ರೆ" ಅಂತ ಇಟ್ಟುಬಿಡುತ್ತೀಯ. ಇಲ್ಲಿಯ ಅಂಚೆಯನ್ನು ನಂಬಿ ಕೂರುವ ಹಾಗಿಲ್ಲ ಎಂದು ನಿನಗೂ ಗೊತ್ತು. ಮೇಲಿನ ಮಹಡಿಯ ನಮ್ಮ ಟೆಕ್ಸಾಸಿನ ಗಸ್ ಇವತ್ತು ಮಧ್ಯಾಹ್ನ ತಮ್ಮನ ಮಗಳ ಮದುವೆಗೆ ಹೊರಟಿದ್ದಾನೆ. ಮಯಾಮಿಯಲ್ಲಿ ಇಳಿದ ಕೂಡಲೇ ಇದನ್ನು ಡಬ್ಬಿಗೆ ಹಾಕುತ್ತಾನಂತೆ. ಅವನ ಜೇಬಿನಲ್ಲಿ ಆಗಲೇ ಅರ್ಧ ಕಟ್ಟಡದವರ ಕಾಗದಗಳಿವೆ.

ನೀನು ಮಂಡಿಯ ಆಪರೇಷನ್ನಿಗೆಂದು ಹೋದದ್ದು ಫೆಬ್ರವರಿಯಲ್ಲಿ. ಏಪ್ರಿಲ್ ಹೊತ್ತಿಗೆ ಮಂಡಿ ಓಡಾಡುವಷ್ಟು ವಾಸಿಯಾಯಿತು. ವಾಪಸು ಟಿಕೆಟ್ ಯಾವಾಗ ಅಂತ ಕೇಳಿದ್ದಕ್ಕೆ ನೀನು ಹೇಳಿದ ಮಾತು ನನಗೆ ಹಾಗೇ ನೆನಪಿದೆ: "ಬೆಳಗ್ಗೆ ಎದ್ದು ತಿಂಡಿಗೆ ಹೋಗೋಕೆ ಅಲ್ಲಿ ಒಂದು ಸರಿಯಾದ ಜಾಗ ಇಲ್ಲ ಆರ್ಲೀನ್. ಜಾಗ ತೋರ್ಸು, ಮಾರನೇ ದಿನಾನೇ ಬರ್ತೀನಿ." ಬೇರೆ ಹೆಂಡತಿಯಾಗಿದ್ದರೆ ಸಿಟ್ಟಾಗುತ್ತಿದ್ದಳೇನೋ. ನನಗೆ ಸಮಾಧಾನವೇ ಆಯಿತು. ಗಂಡ ಕೇಳಿದ್ದು ಡೇಟನ್ನಿನ ಹೆದ್ದಾರಿ ಪಕ್ಕದ ನಮ್ಮ ಹೋಟೆಲಿನಂಥ ಪ್ಯಾನ್‌ಕೇಕು ತಾನೆ, ಹುಡುಕಿದರಾಯಿತು ಅಂದುಕೊಂಡೆ. ನಾನಂತೂ ಅಲ್ಲಿಗೆ ಬರುವುದಿಲ್ಲ. ಅದನ್ನು ಆಗಲೇ ಹೇಳಿದ್ದೇನೆ, ಕಾರಣವೂ ಹೇಳಿದ್ದೇನೆ. ಈ ಕಣ್ಣಿಗೆ ಅಲ್ಲಿ ಯಾರೂ ಲೈಸೆನ್ಸ್ ಕೊಡುವುದಿಲ್ಲ, ಕಾರು ಓಡಿಸಲಾಗದವಳು ಡೇಟನ್ನಿನಲ್ಲಿ ಒಂದು ಪೌಂಡು ಬ್ರೆಡ್ಡಿಗೂ ಇನ್ನೊಬ್ಬರ ಬಿಡುವು ಕಾಯಬೇಕು. ಇಲ್ಲಿ ನಾನು ಕೈಚೀಲ ಹಿಡಿದು ಹೊರಟರೆ ಮಾರ್ಕೆಟ್ಟು, ಚರ್ಚು, ಹಲ್ಲಿನ ಡಾಕ್ಟರು, ನದಿ ದಂಡೆ ಎಲ್ಲ ಕಾಲ್ನಡಿಗೆಯ ದೂರದಲ್ಲೇ ಇವೆ. ಆದ್ದರಿಂದ ನೀನು ಇಲ್ಲಿಗೆ ಬಂದರೆ ಮಾತ್ರ ನಾವಿಬ್ಬರೂ ಒಟ್ಟಿಗೆ ಇದ್ದಂತೆ. ಇಷ್ಟು ದಿನ ಊರೆಲ್ಲ ಅಲೆದು ತಿಂದದ್ದು ಆ ಒಂದೇ ಕಾರಣಕ್ಕೆ.

ಮೊದಲು ಕೋಳಿಗೆ ಹೋದೆ. ಅದು ಸುಲಭದ್ದು, ಕೆ.ಎಫ್.ಸಿ. ಇಲ್ಲೂ ಇದೆ. ಆದರೆ ಕೋಳಿಯ ಪಕ್ಕದಲ್ಲಿ ಅನ್ನ, ಮೇಲೆ ಬೇಳೆಯ ಗಟ್ಟಿ ಸಾರು ಹಾಕಿ ಕೊಡುತ್ತಾರೆ. ಪಕ್ಕದ ಮೇಜಿನ ಅಜ್ಜಿಯೊಬ್ಬಳು ಅನ್ನ ಕಲಸಿ, ಚೊಕ್ಕಟವಾಗಿ ಉಂಡು, ಮೂಳೆಗಳನ್ನು ನಾಯಿಗೆಂದು ಕಟ್ಟಿಸಿಕೊಂಡಳು. ನಿನಗೆ ಇದು ಸರಿಬರುವುದಿಲ್ಲ, ಬಿಡು. ಊರಾಚೆ ಬೀದಿಬದಿಯಲ್ಲಿ ಹಂದಿಯನ್ನು ಇಡಿಯಾಗಿ ಸುಟ್ಟು ನಿಲ್ಲಿಸಿ, ಕೇಳಿದ ಜಾಗದಿಂದ ಕಿತ್ತು ಕೊಡುವ ಹೆಂಗಸರ ಸಾಲಿದೆ. ನಮ್ಮ ಓಹಾಯೋದ ಬಾರ್ಬೆಕ್ಯೂ ಅಂಗಡಿಗೆ ಬದಲು ಅದು ಸಾಕು, ಸಾಕಾಗಿ ಮಿಗುತ್ತದೆ. ಗರಿಗರಿ ಚರ್ಮ ಬೇಕೆಂದರೆ ಹೆಂಗಸನ್ನು ಸ್ವಲ್ಪ ನಗಿಸಬೇಕು, ನಿನಗೆ ಅದು ಬರುತ್ತದೆ. ಕಾಫಿಯ ವಿಷಯ ಕಷ್ಟ. ನೀನು ಕೂಗುವ ಮೊದಲೇ ಲೋಟ ತುಂಬಿಸುವವರು ಇಲ್ಲಿ ಯಾರೂ ಇಲ್ಲ. ಬಿಸಿಹಾಲು ಒಂದು ಕಡೆ, ಪುಟ್ಟ ಬಾಟಲಿಯಲ್ಲಿ ಕಪ್ಪು ಡಿಕಾಕ್ಷನ್ ಇನ್ನೊಂದು ಕಡೆ ಇಟ್ಟು ಹೋಗುತ್ತಾರೆ, ಬೆರೆಸಿಕೊಳ್ಳುವ ತಲೆನೋವು ನಮ್ಮದು. ನನಗೆ ಅಭ್ಯಾಸವಾಗಿದೆ.

ಗಸ್ ಪ್ರತಿ ಭಾನುವಾರ ತನ್ನ ಮನೆಯಲ್ಲಿ ಅಮೆರಿಕದ ತಿಂಡಿ ಮಾಡುವುದು ನಿನಗೆ ಗೊತ್ತಲ್ಲ. ಅಲ್ಲಿಗೂ ಹೋದೆ. ಬಾಗಿಲು ತೆಗೆಯುತ್ತಲೇ "ಲಾಯ್ಡ್ ಓಡಿಹೋದ್ನಂತೆ? ಖಾರ ಜಾಸ್ತಿ ಆಯ್ತಾ?" ಅಂದ. "ಓಡೋಕೆ ಅವನ ಮಂಡಿ ಬಿಡಬೇಕಲ್ಲಪ್ಪ" ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಆ ಮಾತು ಚುಚ್ಚಿತು. ತಿಂಡಿಯಲ್ಲಿ ಕೊಂಕು ತೆಗೆಯಲು ಏನೂ ಇರಲಿಲ್ಲ. ಅದೇ ಪ್ಯಾನ್‌ಕೇಕು, ಅದೇ ಬೇಕನ್, ಸೂಟ್‌ಕೇಸಿನಲ್ಲಿ ತಂದ ಅದೇ ಸಿರಪ್ಪು. ಆದರೆ ಕೂತವರೆಲ್ಲ ಈ ಊರಲ್ಲಿ ಏನೇನು ಸಿಗುವುದಿಲ್ಲ ಅನ್ನುವುದನ್ನೇ ಬೆಳಗಿನಿಂದ ಮಧ್ಯಾಹ್ನದವರೆಗೆ ಮಾತಾಡಿದರು. ಹೊರಗೆ ಹಬ್ಬದ ವಾರ, ಚರ್ಚಿನ ಚೌಕದ ತುಂಬ ಮಿಠಾಯಿ ಅಂಗಡಿಗಳು, ಯಾರೊಬ್ಬರೂ ಕಿಟಕಿ ಕೂಡ ತೆರೆಯಲಿಲ್ಲ. ಬೇಕೆಂದರೆ ನೀನು ವಾರಕ್ಕೊಮ್ಮೆ ಅಲ್ಲಿಗೆ ಹೋಗಬಹುದು. ನಾನು ಇನ್ನು ಹೋಗುವುದಿಲ್ಲ.

ಈಗ ರೊಸೌರಾ ಅನ್ನುವವಳ ವಿಷಯ. ನಮ್ಮ ಬೀದಿಯ ತಿರುವಿನಲ್ಲಿ ನೀಲಿ ಬಾಗಿಲಿನ ಊಟದ ಮನೆ ಇದೆಯಲ್ಲ, ನೊಣ ಇರುತ್ತವೆ ಎಂದು ನೀನು ಒಳಗೆ ಕಾಲಿಡದೆ ಬಂದದ್ದು, ಅದರ ಒಡತಿ. ನನಗಿಂತ ಸ್ವಲ್ಪ ಚಿಕ್ಕವಳು, ಬಾಯಿ ಜೋರು. ಅವಳ ಮುಂದೆ ಪ್ಯಾನ್‌ಕೇಕನ್ನು ಕೈಸನ್ನೆಯಲ್ಲೇ ವಿವರಿಸಿದೆ. "ಅಂದ್ರೆ ಸಿಹಿ ರೊಟ್ಟಿ. ಅದಕ್ಕೆ ಇಷ್ಟೆಲ್ಲ ಕೈ ಬೀಸ್ಬೇಕಾ?" ಅಂದಳು. ಮೊದಲ ದಿನ ಕಾವಲಿಯ ಮೇಲೆ ಚೆನ್ನಾಗಿ ಉಬ್ಬಿತು, ತಟ್ಟೆಗೆ ಬರುವಷ್ಟರಲ್ಲಿ ಕುಸಿದು ಕೂತಿತು. ಈ ಎತ್ತರದ ಊರಿನಲ್ಲಿ ಹಿಟ್ಟು ಅವಸರ ಮಾಡುತ್ತದಂತೆ. ಬೇಕಿಂಗ್ ಪೌಡರ್ ಕಡಿಮೆ ಮಾಡಿ, ಹಾಲು ಸ್ವಲ್ಪ ಹೆಚ್ಚು ಹಾಕಿ ನೋಡಿದೆವು, ನಿಂತಿತು. ಸಿರಪ್ಪಿಗೆ ಬದಲು ಅವಳು ದಾಲ್ಚಿನ್ನಿ ಹಾಕಿ ಕುದಿಸಿದ ಬೆಲ್ಲದ ಪಾಕ ಸುರಿದಳು. ನಿಜ ಹೇಳಲಾ, ನಮ್ಮದಕ್ಕಿಂತ ಚೆನ್ನಾಗಿತ್ತು. ನೀನು ಬಂದರೆ ದಿನಾ ಬೆಳಿಗ್ಗೆ ಮಾಡಿಕೊಡಲು ಒಪ್ಪಿದ್ದಾಳೆ. ಅವಳು ತಿನ್ನುವುದು ಮಾತ್ರ ಬೇಯಿಸಿದ ಮೆಕ್ಕೆಜೋಳದ ದಪ್ಪ ಕಾಳನ್ನು ಮೊಟ್ಟೆಯ ಜೊತೆ ಹುರಿದದ್ದು, ಈಗ ನಾನೂ ಅದನ್ನೇ ತಿನ್ನುತ್ತೇನೆ. ನಿನ್ನನ್ನು ಆಗಾಗ ವಿಚಾರಿಸುತ್ತಾಳೆ. ಮಂಡಿ ರಿಪೇರಿಗೆ ಹೋಗಿದ್ದಾರೆ ಅಂದರೆ, "ಒಂದು ಮಂಡಿಗೆ ಇಷ್ಟು ದಿನಾನಾ? ನಮ್ಮೂರಲ್ಲಿ ಬಸ್ಸನ್ನೇ ಎರಡು ದಿನಕ್ಕೆ ಬಿಚ್ಚಿ ಜೋಡಿಸ್ತಾರೆ" ಅನ್ನುತ್ತಾಳೆ.

ಅವಳಿಂದ ಗೊತ್ತಾದ ಇನ್ನೊಂದು ವಿಷಯವನ್ನು ನಿನಗೆ ಬರೆಯಲೇಬೇಕು. ನಮ್ಮ ಮದುವೆಯ ವಾರ್ಷಿಕೋತ್ಸವದ ದಿನ, ಜನವರಿಯಲ್ಲಿ, ನದಿ ಪಕ್ಕದ ಆ ಒಳ್ಳೆಯ ಹೋಟೆಲಿಗೆ ಮಧ್ಯಾಹ್ನದ ಊಟಕ್ಕೆ ಹೋದೆವಲ್ಲ. ಅಲ್ಲಿಯವರೆಗೆ ಕೌಂಟರಿನಲ್ಲಿ ದುಡ್ಡು ಕೊಟ್ಟು ತಿನ್ನುವ ಕಡೆಯೇ ಹೋಗುತ್ತಿದ್ದೆವು, ಮೇಜಿಗೆ ಬಂದು ಬಡಿಸುವ ಕಡೆ ಅದೇ ಮೊದಲು. ಊಟ ಮುಗಿಯಿತು, ಬಿಲ್ಲು ಬರಲಿಲ್ಲ. ಕಾದೆವು. ಮಾಣಿ ಗೋಡೆಗೆ ಒರಗಿ ನಮ್ಮನ್ನೇ ನೋಡುತ್ತಿದ್ದ, ಬಿಲ್ಲು ಮಾತ್ರ ತರಲಿಲ್ಲ. ಉಳಿದ ಮೇಜುಗಳೆಲ್ಲ ಖಾಲಿಯಾದವು. ನೀನು ಕೆಂಪಗಾಗಿ, ಒಂದಿಷ್ಟು ನೋಟು ಮೇಜಿನ ಮೇಲೆ ಎಸೆದು, "ನಾವು ಇದ್ದೀವೋ ಇಲ್ವೋ ಅನ್ನೋದೇ ಇವರಿಗೆ ಬೇಕಾಗಿಲ್ಲ" ಅಂತ ಎದ್ದುಬಿಟ್ಟೆ. ಈ ಊರಿನ ಮೇಲೆ ನಿನಗೆ ಮನಸ್ಸು ಮುರಿದದ್ದು ಆವತ್ತೇ ಎಂದು ನನಗೆ ಅನ್ನಿಸಿದೆ. ಹೋದ ವಾರ ರೊಸೌರಾ ಹತ್ತಿರ ಉಂಡು, ಹಾಗೆಯೇ ಬಿಲ್ಲಿಗೆ ಕಾಯುತ್ತಾ ಕೂತಿದ್ದೆ. ಅವಳು ಪಪ್ಪಾಯಿ ತಂದಿಟ್ಟಳು. ಆಮೇಲೆ ಕೆಂಪು ಬಣ್ಣದ ಸೊಪ್ಪಿನ ಕಷಾಯ ತಂದಳು. ಕೊನೆಗೆ ತಾನೇ ಎದುರು ಕೂತಳು. ತಾಳಲಾರದೆ, ಈ ಊರಲ್ಲಿ ಯಾರೂ ಬಿಲ್ಲು ಯಾಕೆ ತರುವುದಿಲ್ಲ ಅಂತ ಕೇಳಿಬಿಟ್ಟೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಉಂಡು ಕೂತೋರ ಮುಂದೆ ಚೀಟಿ ಇಡೋದಾ? ಎದ್ದು ನಡೀರಿ ಅಂದ ಹಾಗಲ್ವಾ ಅದು? ನೀವು ಕೇಳ್ಬೇಕು, ಆಮೇಲೆ ಕೊಡ್ತೀವಿ. ನಿಮ್ಮೂರಲ್ಲಿ ಕೇಳ್ದೇನೇ ತಂದಿಡ್ತಾರಾ? ಪಾಪ."

ಅಂದರೆ ಆವತ್ತು ಆ ಮಾಣಿ ನಮ್ಮನ್ನು ಅಲಕ್ಷ್ಯ ಮಾಡಿರಲಿಲ್ಲ ಲಾಯ್ಡ್. ಗಂಡ ಹೆಂಡತಿ ನೆಮ್ಮದಿಯಾಗಿ ಕೂತಿದ್ದಾರೆ, ಎಬ್ಬಿಸಬಾರದು ಅಂತ ತನ್ನ ಊಟವನ್ನೂ ಬಿಟ್ಟು ನಿಂತಿದ್ದ. ನಾವು ನೋಡಿದರೆ ಒಬ್ಬರ ಮುಖ ಒಬ್ಬರು ನೋಡದೆ ಸಿಡಿಮಿಡಿಗುಟ್ಟುತ್ತಿದ್ದೆವು. ನಿನ್ನೆ ಆ ಕಡೆ ಹೋದಾಗ ಒಳಗೆ ಇಣುಕಿದೆ. ಅವನಿಗೆ ನನ್ನ ಗುರುತು ಸಿಕ್ಕಿತು. "ಯಜಮಾನ್ರಿಗೆ ಅವತ್ತು ಊಟ ಹಿಡಿಸಲಿಲ್ವಾ?" ಅಂತ ಕೇಳಿದ. ಊಟ ಹಿಡಿಸಿತ್ತು ಎಂದು ಹೇಳಿ ಬಂದೆ. ಬೇರೆ ಏನನ್ನು ಹೇಗೆ ಹೇಳುವುದು, ನನ್ನ ಸ್ಪ್ಯಾನಿಷ್ ಅಷ್ಟು ದೂರ ಹೋಗುವುದಿಲ್ಲ.

ನನ್ನ ಹುಡುಕಾಟದ ಫಲ ಇಷ್ಟು. ಪ್ಯಾನ್‌ಕೇಕಿದೆ, ಹಂದಿಯಿದೆ, ಕಾಫಿಗೆ ಸ್ವಲ್ಪ ತಾಳ್ಮೆ ಬೇಕು, ಬಿಲ್ಲು ನಾವೇ ಕೇಳಬೇಕು. ಡೆನೀಸಳಿಗೂ ಅಳಿಯನಿಗೂ ನನ್ನ ನೆನಪು ಹೇಳು, ಮೊಮ್ಮಕ್ಕಳ ಕೆನ್ನೆಗೆ ಮುತ್ತು. ದೇವರು ನಿನ್ನ ಎರಡೂ ಮಂಡಿಗಳನ್ನು ಕಾಪಾಡಲಿ.

ನಿನ್ನ,
ಆರ್ಲೀನ್

ಮರೆತ ಮಾತು: ಗಸ್ ಟ್ಯಾಕ್ಸಿಗೆ ಫೋನು ಮಾಡಿ ಆಯಿತು, ಬೇಗ ಬರೆಯುತ್ತೇನೆ. ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಶನಿವಾರ ಡೆನೀಸ್ ಫೋನಿನಲ್ಲಿ ಏನೋ ಹೇಳುತ್ತಾ, ಹೆದ್ದಾರಿ ಪಕ್ಕದ ನಮ್ಮ ಪ್ಯಾನ್‌ಕೇಕ್ ಹೋಟೆಲು ಮಾರ್ಚಿನಲ್ಲೇ ಮುಚ್ಚಿತು, ಈಗ ಅಲ್ಲಿ ಹಾಸಿಗೆ ಮಾರುತ್ತಾರೆ ಅಂದಳು. ನೀನು ನನ್ನ ಹತ್ತಿರ ತಿಂಡಿಗೆ ಜಾಗ ಕೇಳಿದ್ದು ಏಪ್ರಿಲಿನಲ್ಲಿ. ಆಗಲೇ ನೀನು ಬೆಳಿಗ್ಗೆ ಅವಳ ಅಡಿಗೆಮನೆಯಲ್ಲಿ ನಿಂತುಕೊಂಡು ಒಣ ಬ್ರೆಡ್ಡು ತಿನ್ನುತ್ತಿದ್ದೆಯಂತೆ. ಹಾಗಾದರೆ ನಿನ್ನನ್ನು ಅಲ್ಲಿ ಹಿಡಿದಿರುವುದು ತಿಂಡಿಯಲ್ಲ. ಭಾಷೆ ಬರದ ಊರಿನಲ್ಲಿ ಸಾಯುವ ಹೆದರಿಕೆಯಾದರೆ ಹೆದರಿಕೆ ಅಂತ ಬರೆ, ನನಗೂ ಅದು ಇದೆ. ನಾನೇ ಸಾಕಾಗಿದ್ದರೆ ಅದನ್ನೂ ಬರೆ, ಓದಿ ಅಳುತ್ತೇನೆ, ಆದರೆ ಓದುತ್ತೇನೆ. ನೀನಿಲ್ಲದೆ ನನಗೆ ತುಂಬ ಬೇಸರ, ಲಾಯ್ಡ್. ಬರುವುದಿಲ್ಲವಾದರೆ ಬರುವುದಿಲ್ಲ ಅಂತ ನೀನೇ ಬಾಯಿಬಿಟ್ಟು ಹೇಳು, ಪ್ಯಾನ್‌ಕೇಕಿನ ಕೈಲಿ ಹೇಳಿಸಬೇಡ.