ಜೊಂಡಿನಿಂದ ಮೂವತ್ತು ಮೀಟರು

ಅಕ್ಕಾ,

ನೀನು ಹೋಗಿ ಎರಡು ವರ್ಷವಾಯಿತು. ಆದರೂ ಇವತ್ತಿನದನ್ನು ಹೇಳಬೇಕಾದದ್ದು ನಿನಗೇ. ಹಳ್ಳದಿಂದ ಮೂವತ್ತು ಮೀಟರಿನೊಳಗೆ ಏನೂ ಕಟ್ಟಬಾರದೆಂಬ ನಿಯಮ ಈಗಲೂ ಇದೆ. ನಮ್ಮೆದುರಿನ ದಡದಲ್ಲಿ ಅಪಾರ್ಟ್‌ಮೆಂಟು ಏಳುವುದಿದೆ. ಅದಕ್ಕಾಗಿ, ನಗರಸಭೆಯಲ್ಲಿ ಈಗ ನಿನ್ನ ಕುರ್ಚಿಯಲ್ಲಿ ಕೂರುವ ಸರ್ವೇಯರ್ ಬೆಳಿಗ್ಗೆ ಬಂದು, ಬೇಸಿಗೆಯ ಸಣಕಲು ನೀರಿನ ಅಂಚಿಗೆ ಟೇಪು ಹಿಡಿದ.

"ಅಲ್ಲಿಂದಲ್ಲ ಸ್ವಾಮಿ, ಜೊಂಡು ಎಲ್ಲಿ ಮುಗಿಯುತ್ತೋ ಅಲ್ಲಿಂದ. ಮಳೆಗಾಲದಲ್ಲಿ ನೀರು ಅಲ್ಲೀವರೆಗೂ ಬರುತ್ತೆ."

"ಯಾರು ಹೇಳಿದ್ರು ನಿಮಗೆ?"

"ನಮ್ಮಕ್ಕ."

ಅವನು ನಕ್ಕ. "ಓಹೋ, ಮೇಡಂ ತಮ್ಮನಾ? ಬಿಲ್ಡರುಗಳಿಗೆಲ್ಲ ನೀರು ಕುಡಿಸಿದೋರು ಅವರು!"

ಜೊಂಡಿನಿಂದ ಅಳೆದಾಗ ಅಪಾರ್ಟ್‌ಮೆಂಟಿನ ನಕ್ಷೆಯ ಒಂದು ಸಾಲು ಮನೆಗಳೇ ರದ್ದಾದವು. ಆಮೇಲೆ ಅವನು ಟೇಪನ್ನು ನಮ್ಮ ದಡಕ್ಕೂ ಎಳೆದ.

"ನಿಮ್ಮ ಅಡುಗೆಮನೆ ನಾಲ್ಕು ಅಡಿ ಒಳಗೆ ಬರುತ್ತಲ್ಲ ಸಾರ್?"

ಬರುತ್ತದೆ. ನೀನು ಸಹಿ ಹಾಕುವುದಿಲ್ಲವೆಂದಾಗ, ನೀನು ರಜೆಯಲ್ಲಿದ್ದ ವಾರ ನೋಡಿಕೊಂಡು ಬೇರೊಬ್ಬರಿಂದ ಹಾಕಿಸಿಕೊಂಡು ನಾನು ಕಟ್ಟಿಸಿದ ಅಡುಗೆಮನೆ ಅದು. ನೀನು ಬೈಯಲಿಲ್ಲ. ಬಂದಾಗಲೆಲ್ಲ ಹೊರಗಿನ ಮೆಟ್ಟಿಲ ಮೇಲೇ ಕುಳಿತು, "ಲೋ ಕಪ್ಪೆ, ಕಾಫಿ ಇಲ್ಲಿಗೇ ತಗೊಂಡು ಬಾರೋ, ಮಂಡಿ ನೋವು" ಎನ್ನುತ್ತಿದ್ದೆ. ನಂಬಿದವನಂತೆ ನಾನೂ ತಂದುಕೊಡುತ್ತಿದ್ದೆ.

"ಬರೆದುಕೊಳ್ಳಿ," ಎಂದೆ ಅವನಿಗೆ. ಅವನಿಗೇ ಸಂಕೋಚವಾಯಿತು. ತಲೆ ಕೆರೆದುಕೊಂಡು, ಬರೆದುಕೊಂಡ.

ಕೆಡವುವವರು ಸೋಮವಾರ ಬರುತ್ತಾರೆ. ನಾಲ್ಕು ಅಡಿ ತೆಗೆದರೆ ಸಾಕಂತೆ. ಪೂರ್ತಿ ತೆಗೆಯಿರಿ ಎಂದು ಹೇಳಿದ್ದೇನೆ.