ಬಾಲ ಬಂದ ಹನಿಗಳು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ವಾಸಿಯಾಯಿತೇ? ಅಳಿಯಂದಿರು ಹೊಸ ಕೆಲಸಕ್ಕೆ ಒಗ್ಗಿಕೊಂಡರೇ? ಮೊಮ್ಮಗಳು ಈಗಲೂ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಯೆಲ್ಲ ಸುತ್ತುತ್ತಾಳಾ? ಬಯ್ಯಬೇಡ ಅವಳಿಗೆ. ನೀನೇನು ಕಡಿಮೆ ಇದ್ದೆಯಾ! ನಾನು ಚೆನ್ನಾಗಿದ್ದೇನೆ ಎಂದು ಪ್ರತಿಸಲದಂತೆ ಹೇಳಿ ಮುಗಿಸಬೇಕೆಂದಿದ್ದೆ. ಮನಸ್ಸು ಒಪ್ಪುತ್ತಿಲ್ಲ.

ಪ್ರಯೋಗಾಲಯದಲ್ಲಿ ನನ್ನ ಕೆಲಸ ನಿನಗೆ ಗೊತ್ತಲ್ಲ. ವಿಮಾನದ ರೆಕ್ಕೆಗೆ ಐಸು ಹೇಗೆ ಅಂಟಿಕೊಳ್ಳುತ್ತದೆ ಎಂದು ತಿಳಿಯಲು, ಕೊರೆಯುವಷ್ಟು ತಣ್ಣಗಿರುವ ಲೋಹದ ತಟ್ಟೆಯ ಮೇಲೆ ಸಿರಿಂಜಿನ ಸೂಜಿಯಿಂದ ಒಂದೊಂದೇ ಹನಿ ಬೀಳಿಸಬೇಕು. ಕ್ಯಾಮೆರಾ ಅದರ ಚಿತ್ರ ತೆಗೆಯುತ್ತದೆ. ಮಾಮೂಲಿ ತಟ್ಟೆಯಾದರೆ ಬಿದ್ದ ಹನಿ ಅಗಲಕ್ಕೆ ಹರಡಿ, ಮತ್ತೆ ಮೈ ಮುದುಡಿಕೊಂಡು ಗುಂಡಗಾಗುತ್ತದೆ. ತಣ್ಣನೆಯ ತಟ್ಟೆ ಅದಕ್ಕೆ ಪುರಸೊತ್ತು ಕೊಡುವುದಿಲ್ಲ. ತಾಗಿದ ಕೂಡಲೇ ಹನಿ ತಳದಿಂದ ಗಟ್ಟಿಯಾಗುತ್ತದೆ, ಹೇಗೆ ಬಿತ್ತೋ ಹಾಗೇ ಉಳಿಯುತ್ತದೆ. ನೇರ ಬಿದ್ದರೆ ದುಂಡನೆಯ ಬಿಲ್ಲೆ. ಸೂಜಿ ಅಲುಗಿದರೆ ಒಂದು ಕಡೆಗೆ ಬಾಲ. "ಯಂತ್ರ ಯಾಕೆ, ನಿಮ್ಮ ಕೈ ಇದೆಯಲ್ಲ" ಎಂದು ನಮ್ಮ ಪ್ರಯೋಗಾಲಯದ ಮೇಡಂ ಹೇಳಿದಾಗಲೆಲ್ಲ ನಾನು ಉಬ್ಬಿಹೋಗುತ್ತಿದ್ದೆ.

ಈಚೆಗೆ ಹನಿಗಳಿಗೆಲ್ಲ ಬಾಲ ಬರತೊಡಗಿದೆ. ನನ್ನ ಬಲಗೈ ನಡುಗುತ್ತಿದೆ ಮಗಳೇ. ಲೋಟ ಎತ್ತಿದರೆ ಅರ್ಧ ನೀರು ಅಂಗಿಯ ಮೇಲೆ. ಚಿತ್ರ ನೋಡಿದ ಮೇಡಂ, "ತಟ್ಟೆ ಸರಿಯಾಗಿ ಉಜ್ಜಿಲ್ಲ, ಗೀರು ಬಿದ್ದಿದೆ" ಎಂದು ಉದ್ದ ಮಾಮನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. ಚಿಕ್ಕಂದಿನಲ್ಲಿ ನೀನು ಯಾರ ಹೆಗಲೇರಿ ಸೂರು ಮುಟ್ಟುತ್ತಿದ್ದೆಯೋ ಅದೇ ಉದ್ದ ಮಾಮ. ತನ್ನ ಮೀಸೆ ಕಾಣುವ ತನಕ ತಟ್ಟೆ ಉಜ್ಜುವವನು. "ಗೀರು ಇದೆ ಅಲ್ವಾ?" ಎಂದು ಮೇಡಂ ನನ್ನನ್ನೇ ಕೇಳಿದರು. ನಾನು ಹೂಂ ಅಂದುಬಿಟ್ಟೆ. ನಾಳೆಯಿಂದ ಅವನಿಗೆ ಗೋಡೌನಿನಲ್ಲಿ ಪೆಟ್ಟಿಗೆ ಹೊರುವ ಕೆಲಸ. ಈ ವಯಸ್ಸಿನಲ್ಲಿ, ಆ ಸೊಂಟನೋವು ಇಟ್ಟುಕೊಂಡು! ಕೈ ಹೋದರೆ ನಾನು ಯಾವ ಕೆಲಸಕ್ಕೂ ಬಾರದವನಾಗುತ್ತೇನೆ ಎಂಬ ಹೆದರಿಕೆಗೆ ಗೆಳೆಯನ ತಲೆಯ ಮೇಲೆ ಗೂಬೆ ಕೂರಿಸಿದೆ. ನಾಚಿಕೆಯಾಗುತ್ತಿದೆ. ಅವನ ಮುಖ ನೋಡುವ ಧೈರ್ಯವಿಲ್ಲ. ಬೆಳಿಗ್ಗೆ ಮೊದಲು ಮೇಡಂ ಕೋಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳುತ್ತೇನೆ.

ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಪ್ಪ

ವಿ.ಸೂ.: ಮಗಳೇ, ನಾನು ನಿನ್ನ ಉದ್ದ ಮಾಮ. ಅಪ್ಪನಿಗೆ ಪೆನ್ನು ಹಿಡಿಯಲು ಆಗುತ್ತಿಲ್ಲ. "ನಾನು ಹೇಳ್ತೀನಿ, ನೀನು ಬರಿ" ಅಂತ ನನ್ನನ್ನೇ ಕರೆಸಿಕೊಂಡ. ನನ್ನ ವಿಷಯ ಬಂದಾಗ ಗೋಡೆಯ ಕಡೆ ತಿರುಗಿ ಹೇಳಿದ, ನಾನು ಒಂದಕ್ಷರ ಬಿಡದೆ ಬರೆದೆ. ಕೈ ನಡುಗುವುದನ್ನು ನಾನು ಎಂದೋ ಕಂಡಿದ್ದೆ. ಅವನಾಗಿಯೇ ಹೇಳಲಿ ಎಂದು ಸುಮ್ಮನಿದ್ದೆ. ಈಗ ಮುಖ ತೊಳೆಯಲು ಹೋಗಿದ್ದಾನೆ, ಅಷ್ಟರಲ್ಲಿ ಇದನ್ನು ಗೀಚುತ್ತಿದ್ದೇನೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ನನ್ನ ಮಾತು ಕೇಳುವುದಿಲ್ಲ. ನೀನು ಬೇಗ ಹೊರಟು ಬಾ. ಎಡಗೈಯೂ ನಡುಗಲು ಶುರುವಾಗಿದೆ. ಅದನ್ನು ಅವನು ಇನ್ನೂ ನನಗೂ ಹೇಳಿಲ್ಲ.