ಖಾಲಿ ಕರಡಿಗೆ

ಕುಮಟೆ ಹತ್ತಿರದ ಕಡಲದಂಡೆ
ಸೋಮವಾರ, ೬ ಫೆಬ್ರುವರಿ ೧೯೩೯

ದುಂಡಸಿಯಲ್ಲಿರುವ ನನ್ನ ಅವ್ವನ ಪಾದಕ್ಕೆ ಶಾರವ್ವನ ಶರಣಾರ್ಥಿ.

ಈ ಕಾಗದವನ್ನು ಅಪ್ಪನ ಕೈಲಿ ಓದಿಸಬೇಡ. ತಂಗಿ ಸುಶೀಲವ್ವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಓದಿಸು. ತರುವವನು ಹುಲಗೂರಿನ ಮಕ್ತುಮಸಾಬ. ಮೆಣಸಿನಕಾಯಿ ಮಾರಲು ಕುಮಟೆಗೆ ಬಂದಿದ್ದಾನೆ, ಸಂಜೆಯ ಮೋಟಾರಿಗೆ ಊರಿಗೆ ಹೊರಡುತ್ತಾನೆ. ಟಪಾಲಿಗೆ ಹಾಕಿದರೆ ನಿನಗೆ ಮುಟ್ಟುವಷ್ಟರಲ್ಲಿ ನಾನು ಇರುತ್ತೇನೋ ಇಲ್ಲವೋ.

ನಿನ್ನ ಅಳಿಯನಿಗೆ ಏನೂ ಆಗಿಲ್ಲ. ವಿಷಮಜ್ವರದಿಂದ ಎದ್ದಾಗ ಗೋಡೆ ಹಿಡಿದು ನಡೆಯುತ್ತಿದ್ದವರು ಈಗ ಉಸುಕಿನ ಮೇಲೆ ಒಂದು ಮೈಲು ನಡೆಯುತ್ತಾರೆ. ಸವಣೂರಿನ ಡಾಕ್ಟರು ಹೇಳಿದಂತೆ ದಿನಾ ಮುಂಜಾನೆ ಉಪ್ಪುನೀರಿನಲ್ಲಿ ಈಜುತ್ತಾರೆ. ಒಂದು ಹೊತ್ತಿನ ಊಟ ತಪ್ಪಿದರೂ ಜ್ವರ ಮರಳಿ ಬರುತ್ತದೆಂದು ಆ ಡಾಕ್ಟರು ನನ್ನನ್ನೇ ನಿಲ್ಲಿಸಿ ಹೇಳಿದ್ದರು. ಹಾಗಾಗಿ ಎರಡು ಹೊತ್ತೂ ಬಿಸಿ ರೊಟ್ಟಿ ಬಡಿಸುತ್ತಿದ್ದೇನೆ.

ಈ ಊರಿನವರಿಗೆ ಅವಸರವೆಂಬುದೇ ಇಲ್ಲ. ಬಲೆ ಒಣಗಲು ಹಾಕಿ ತೆಂಗಿನ ನೆರಳಿನಲ್ಲಿ ಮಲಗಿಬಿಡುತ್ತಾರೆ. ಮೊದಲ ದಿನ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಕೂತಿದ್ದೆ. ಎರಡನೆಯ ದಿನ ಇಬ್ಬರೂ ದೋಣಿ ಹತ್ತಿ ಹೊಳೆಯ ಬಾಯಿಯವರೆಗೆ ಹೋಗಿಬಂದೆವು. ಏಡಿ ಹಿಡಿಯಲು ಹೋಗಿ ಅವರು ಬಿದ್ದರು. ಮದುವೆಯಾದ ಆರು ವರ್ಷದಲ್ಲಿ ನಾನು ಅಷ್ಟು ನಕ್ಕಿರಲಿಲ್ಲ.

ಶುಕ್ರವಾರ ತೆರೆ ಜೋರಾಗಿತ್ತು. ನೀ ದಂಡೀಮ್ಯಾಲ ಕುಂದ್ರು, ನೀರಿಗೆ ಇಳೀಬ್ಯಾಡ ಎಂದು ಹೇಳಿ ಅವರು ಈಜಲು ಹೋದರು. ನಾನು ಕೇಳಬೇಕಲ್ಲ. ಸೀರೆ ಕಚ್ಚೆ ಹಾಕಿ ಎದೆಮಟ್ಟದ ನೀರಿಗೆ ಇಳಿದೆ. ತೆರೆ ಬಂದಾಗಲೆಲ್ಲ ಜಿಗಿಯುವುದು, ಬೀಳುವುದು, ಮತ್ತೆ ಜಿಗಿಯುವುದು. ದೊಡ್ಡದೊಂದು ಬಂದು ನನ್ನನ್ನು ಉರುಳಿಸಿತು. ಎದ್ದು ಕೊರಳು ಮುಟ್ಟಿಕೊಂಡರೆ ಕರಡಿಗೆಯ ಮುಚ್ಚಳ ತೆರೆದಿತ್ತು. ಒಳಗೆ ಲಿಂಗವಿರಲಿಲ್ಲ.

ಬಿಸಿಲೇರುವವರೆಗೆ ಉಸುಕು ಕೆದಕಿದೆ, ಅವ್ವಾ. ಉಗುರು ಕಿತ್ತುಹೋದವು. ಏನ್ ಹುಡುಕಾಕತ್ತೀ ಎಂದು ಅವರು ಕೇಳಿದರು. ಬೆಂಡೋಲೆ ಬಿತ್ತೆಂದೆ. ಅವರು ನಂಬಲೆಂದು ಅತ್ತ ತಿರುಗಿ ಒಂದು ಬೆಂಡೋಲೆ ಬಿಚ್ಚಿ ನೀರಿಗೆ ಎಸೆದೆ.

ಅಂದಿನಿಂದ ಅನ್ನ ಮುಟ್ಟಿಲ್ಲ. ಲಿಂಗಪೂಜೆಯಿಲ್ಲದೆ ಹೇಗೆ ಉಣ್ಣಲಿ? ನೀರು ಕುಡಿದಿದ್ದೇನೆ, ಅದೂ ತಪ್ಪೇ. ಗಂಡ ಉಂಡ ಮೇಲೆ ಹೆಂಡತಿ ಉಣ್ಣುವ ಪದ್ಧತಿಯಿಂದ ಇಷ್ಟು ದಿನ ಮುಚ್ಚಿಟ್ಟಿದ್ದೇನೆ. ಅವರು ಅಡ್ಡಾದ ಮೇಲೆ ನನ್ನ ಪಾಲಿನ ರೊಟ್ಟಿಯನ್ನು ಮನೆಯೊಡತಿ ಮುದುಕಿಯ ಆಡುಗಳಿಗೆ ಹಾಕುತ್ತೇನೆ. ಮುಂಜಾನೆ ಅವರಿಗೆ ಬೆನ್ನು ಮಾಡಿ ಕೂತು ಬರಿಯ ಅಂಗೈಗೆ ವಿಭೂತಿ ಹಚ್ಚುತ್ತೇನೆ. ಶಿವನಿಗೇ ಮೋಸ ಮಾಡುವವಳು ನಿನ್ನ ಮಗಳು.

ಲಿಂಗ ಕಳಕೊಂಡಾಕಿ ಬದುಕಬಾರ್ದು ಎಂದು ಅಜ್ಜಿ ಹೇಳುತ್ತಿದ್ದಳಲ್ಲ. ನಿನ್ನೆ ಅದೇ ನೀರಿಗೆ ಕುತ್ತಿಗೆಮಟ್ಟ ನಡೆದೆ. ಇವರಿಗೆ ನಾಳೆ ರೊಟ್ಟಿ ಬಡಿಯುವವರು ಯಾರು ಎಂದು ತಿರುಗಿ ಬಂದೆ. ಸಾಯಲೂ ಆಗುತ್ತಿಲ್ಲ, ಉಣ್ಣಲೂ ಆಗುತ್ತಿಲ್ಲ.

ನಮ್ಮ ಮಠದ ಅಜ್ಜಾರ ಕಾಲು ಹಿಡಿದು ಕೇಳು. ಹೊಸ ಲಿಂಗ ಕೊಡುವುದಾದರೆ ತಮ್ಮ ಶಂಕ್ರಪ್ಪನ ಕೈಲಿ ಅವತ್ತೇ ಕಳಿಸು. ಗುರುವಾರದವರೆಗೆ ತಡೆದುಕೊಳ್ಳುತ್ತೇನೆ. ಆಮೇಲಿನದು ಗೊತ್ತಿಲ್ಲ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ತಪ್ಪಿಗೆ ನಿನ್ನನ್ನೇ ಕಾಡುವ
ಶಾರವ್ವ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಅಜ್ಜಾರಿಗೆ ನಿಜವನ್ನೇ ಹೇಳು. ಕಡಲಿಗೆ ಹೋದದ್ದು ನನ್ನ ಲಿಂಗವಲ್ಲ, ಅವರದು. ಈಜುವಾಗ ಶಿವದಾರ ಹರಿದೀತೆಂದು ತಮ್ಮ ಕರಡಿಗೆಯನ್ನು ನನ್ನ ಕೊರಳಿಗೆ ಹಾಕಿ ಹೋಗಿದ್ದರು. ಗೊತ್ತಾದರೆ ಅವರು ತುತ್ತು ಮುಟ್ಟುವುದಿಲ್ಲ, ಆ ಮೈ ಉಪವಾಸ ತಾಳುವುದಿಲ್ಲ. ಅದಕ್ಕೆ ನನ್ನ ಲಿಂಗವನ್ನು ಅವರ ಕರಡಿಗೆಯಲ್ಲಿಟ್ಟು ಕೊಟ್ಟೆ. ಖಾಲಿಯಾಗಿರುವುದು ನನ್ನದು. ಈಗ, ಈ ಕಾಗದ ಮಡಚುವ ಮೊದಲು, ಅವರು ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ತಾಟು ಮುಂದಿಟ್ಟರೆ, ಇವತ್ತ ನೀ ಮೊದಲ ಉಣ್ಣು, ಆಮ್ಯಾಲ ನಾ ಉಣ್ತೇನಿ ಅಂದರು. ತಾಟು ಇನ್ನೂ ಇಬ್ಬರ ನಡುವೆ ಹಾಗೇ ಇದೆ.